ತೆರಿಗೆ ಈಗ ಕಟ್ಟಬೇಕಾ, ನಿವೃತ್ತಿ ಆದಮೇಲೆ ಕಟ್ಟಬೇಕಾ?

ಏಪ್ರಿಲ್ ಬಂತೆಂದರೆ ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅದೇ ಪ್ರಶ್ನೆ. ಸಂಬಳದ ಒಂದು ಪಾಲನ್ನು ನಿವೃತ್ತಿಯ ಪಿಂಚಣಿಗೆ ಕೂಡಿಡುವ ಕಂಪನಿಯ ಎನ್‌ಪಿಎಸ್‌ಗೆ ಹೂಂ ಅನ್ನಬೇಕಾ, ಬೇಡವಾ? ಎಚ್‌ಆರ್ ಮೇಲ್ ಬಂದಿರುತ್ತದೆ, ಕೊನೇ ದಿನ ಹತ್ತಿರ ಇರುತ್ತದೆ, ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಕೂತವರೊಬ್ಬರು "ಎಲ್ಲರೂ ಏನು ಮಾಡ್ತಿದ್ದೀರಿ?" ಅಂತ ಕೇಳುತ್ತಾರೆ, ನಾಲ್ಕು ಜನ ಏನು ಹೇಳುತ್ತಾರೋ ಅದನ್ನೇ ತಾವೂ ಟಿಕ್ ಮಾಡಿ ಸುಮ್ನಾಗುತ್ತಾರೆ. ನಾಲ್ಕು ಜನರ ಸ್ಲ್ಯಾಬ್, ಅಂದರೆ ತೆರಿಗೆ ದರದ ಹಂತ, ನಿಮ್ಮದಲ್ಲವಲ್ಲ!

ಅಮೆರಿಕದಲ್ಲಿ ಇದೇ ಜಗಳಕ್ಕೆ ಟ್ರೆಡಿಷನಲ್ ಮತ್ತು ರಾಥ್ ಅಂತ ಹೆಸರು. ಟ್ರೆಡಿಷನಲ್ ಖಾತೆಗೆ ಹಾಕಿದ ದುಡ್ಡಿಗೆ ಇವತ್ತು ತೆರಿಗೆ ಇಲ್ಲ, ವಯಸ್ಸಾದ ಮೇಲೆ ತೆಗೆಯುವಾಗ ಕಟ್ಟಬೇಕು. ರಾಥ್‌ಗೆ ತೆರಿಗೆ ಕಟ್ಟಿ ಉಳಿದ ದುಡ್ಡು ಹಾಕುತ್ತೀರಿ, ಆಮೇಲೆ ನಿಯಮದ ಪ್ರಕಾರ ತೆಗೆದರೆ ಲಾಭದ ಸಮೇತ ಪೂರ್ತಿ ನಿಮ್ಮದು. ಡೆಲವೇರ್‌ನ ಸೆನೆಟರ್ ವಿಲಿಯಂ ರಾಥ್ ಹೆಸರಿನ ಈ ಖಾತೆ 1997ರ ಕಾಯ್ದೆಯಲ್ಲಿ ಬಂತು. ನಮ್ಮಲ್ಲಿ ಆ ಹೆಸರಿಲ್ಲ, ಮಾಲು ಮಾತ್ರ ಇದೆ. ದರವೂ ಕಡಿಮೆ, ರಿಯಾಯಿತಿಗಳೂ ಕಡಿಮೆ ಇರುವ ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್‌ಗೆ ಹಾಕುವಾಗ ಯಾವ ರಿಯಾಯಿತಿಯೂ ಇಲ್ಲ, ತೆಗೆಯುವಾಗ ತೆರಿಗೆಯೂ ಇಲ್ಲ. ಪಕ್ಕಾ ರಾಥ್, ಅಲ್ವಾ? ಕಂಪನಿ ಕಡೆಯಿಂದ ಹೋಗುವ ಎನ್‌ಪಿಎಸ್ ಇನ್ನೊಂದು ಜಾತಿ, ಹೆಚ್ಚುಕಡಿಮೆ ಟ್ರೆಡಿಷನಲ್ ಥರ. ಬೇಸಿಕ್‌ನ ಶೇ. 14ರ ತನಕ ಹೊಸ ಪದ್ಧತಿಯಲ್ಲೂ ತೆರಿಗೆ ಬೀಳುವುದಿಲ್ಲ. 60 ವರ್ಷಕ್ಕೆ ಒಟ್ಟು ಮೊತ್ತದ ಶೇ. 60 ತೆರಿಗೆ ಇಲ್ಲದೇ ಕೈಗೆ ಸಿಗುತ್ತದೆ, ಪಿಂಚಣಿಯಾಗಿ ಬರುವುದಕ್ಕೆ ಆಗಿನ ಸ್ಲ್ಯಾಬ್ ಪ್ರಕಾರ ಕಟ್ಟಬೇಕು.

"ತೆರಿಗೆ ಕಟ್ಟದೇ ಹಾಕಿದರೆ ದುಡ್ಡು ಜಾಸ್ತಿ ಬೆಳೆಯುತ್ತದೆ" ಅಂತ ಏಜೆಂಟರು ಹೇಳುವುದನ್ನು ಒಂದು ಸಲ ಕಾಗದದ ಮೇಲೆ ಬರೆದು ನೋಡಿ. 1 ಲಕ್ಷಕ್ಕೆ ಶೇ. 30 ಈಗಲೇ ಕಟ್ಟಿ 70,000 ಹಾಕಿದಿರಿ, ಅದು ನಾಲ್ಕು ಪಟ್ಟಾದರೆ 2.8 ಲಕ್ಷ. ಪೂರ್ತಿ 1 ಲಕ್ಷ ಹಾಕಿದರೆ 4 ಲಕ್ಷ ಆಗುತ್ತದೆ, ಆಗ ಶೇ. 30 ಅಂದರೆ 1.2 ಲಕ್ಷ ಹೋಗಿ ಉಳಿಯುವುದು ಅದೇ 2.8 ಲಕ್ಷ. ಈಗಿನ ದರಕ್ಕೂ ಆಗಿನ ದರಕ್ಕೂ ವ್ಯತ್ಯಾಸ ಇದ್ದರೆ ಮಾತ್ರ ಲಾಭ ನಷ್ಟ.

ಆ ವ್ಯತ್ಯಾಸ ಬರುವುದು ಹೀಗೆ. ಈಗ ಉಳಿಯುವ ತೆರಿಗೆ ನಿಮ್ಮ ಆದಾಯದ ಮೇಲ್ತುದಿಯದು. 24 ಲಕ್ಷ ದಾಟಿದವರಿಗೆ ಸೆಸ್ ಸೇರಿ ಶೇ. 31.2. ಸಂಬಳ ನಿಂತ ಮೇಲೆ ಪಿಂಚಣಿಗೆ ತೆರಿಗೆ ಕೆಳಗಿನ ಸ್ಲ್ಯಾಬಿನಿಂದ ಶುರುವಾಗುತ್ತದೆ. ತಿಂಗಳಿಗೆ 60,000 ಪಿಂಚಣಿ ಅಂದರೆ ವರ್ಷಕ್ಕೆ 7.2 ಲಕ್ಷ, ಬೇರೆ ಆದಾಯ ಇಲ್ಲದಿದ್ದರೆ ಹೊಸ ಪದ್ಧತಿಯ 2025ರ ಬಜೆಟ್ ಲೆಕ್ಕದಲ್ಲಿ ತೆರಿಗೆ ಸೊನ್ನೆ. ಇಂಥವರು ಎನ್‌ಪಿಎಸ್ ಬಿಟ್ಟರೆ ದಡ್ಡತನವೇ. ವಾಕಡ್‌ನಲ್ಲಿ ಎರಡನೇ ಫ್ಲ್ಯಾಟ್ ಇಟ್ಟುಕೊಂಡು ಬಾಡಿಗೆ ಎಣಿಸುವವರು, ಎಫ್‌ಡಿ ಮೇಲೆ ಎಫ್‌ಡಿ ಮಾಡಿಟ್ಟವರು ಮಾತ್ರ ಅದನ್ನೂ ಸೇರಿಸಿ ಲೆಕ್ಕ ಹಾಕಬೇಕು. ಪುಣೆಯಲ್ಲಿ ಅಂಥವರು ಕಡಿಮೆ ಏನಿಲ್ಲ.

ಇನ್ನು ಹೊಸ ಪದ್ಧತಿಯಲ್ಲಿರುವ 12.75 ಲಕ್ಷದೊಳಗಿನ ಸಂಬಳದವರು. ಸಂಬಳದಿಂದ ನೇರವಾಗಿ ಕಳೆಯುವ ಸ್ಟ್ಯಾಂಡರ್ಡ್ ಡಿಡಕ್ಷನ್, ತೆರಿಗೆಯನ್ನೇ ಮನ್ನಾ ಮಾಡುವ ರಿಬೇಟ್ ಎಲ್ಲ ಸೇರಿ ಇವರಿಗೆ ಈಗಲೇ ತೆರಿಗೆ ಇಲ್ಲ. ಕಟ್ಟಬೇಕಿಲ್ಲದ ತೆರಿಗೆಯನ್ನು ಉಳಿಸಲಿಕ್ಕೆ ಅಂತ ಹುಡುಗರು 60ರ ತನಕ ದುಡ್ಡು ಬೀಗ ಹಾಕಿಡುವುದು ಯಾಕೋ ನನಗಂತೂ ತಿಳಿಯುವುದಿಲ್ಲ. ಅವರಿಗೆ ಪಿಪಿಎಫ್ ಸಾಕು. ವರ್ಷಕ್ಕೆ 1.5 ಲಕ್ಷದ ಮಿತಿ, 15 ವರ್ಷ, ಬಡ್ಡಿ 2020ರ ಏಪ್ರಿಲ್‌ನಲ್ಲಿ 7.1ಕ್ಕೆ ಇಳಿದಿದ್ದು ಆಮೇಲೆ ವರ್ಷಗಟ್ಟಲೆ ಅಲ್ಲಾಡಲಿಲ್ಲ.

ಡಲ್ಲಾಸ್‌ನಲ್ಲಿರುವ ನನ್ನ ತಂಗಿ ಮಗನ ಕಥೆ ಬೇರೆ. ಅವನಿಗೆ ಅಲ್ಲಿ ಶೇ. 24ರ ಸ್ಲ್ಯಾಬ್, ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. "ಮಾಮಾ, ರಾಥ್‌ಗೇ ಎಲ್ಲ ಹಾಕ್ತೀನಿ, ಮುಂದೆ ತಲೆಬಿಸಿ ಇಲ್ಲ" ಅಂದ. ಅಲ್ಲೇ ಇರುವವನಾದರೆ ಸರಿ ಅನ್ನಬಹುದಿತ್ತು. ಆದರೆ ಇವನಿಗೆ ಪುಣೆಗೆ ವಾಪಸ್ ಬರಬೇಕಂತೆ. ಅಮೆರಿಕದ ನಿವೃತ್ತಿ ಖಾತೆಯ ಲಾಭಕ್ಕೆ ವರ್ಷ ವರ್ಷ ಕಟ್ಟುವ ಬದಲು ಅಲ್ಲಿ ತೆರಿಗೆ ಬೀಳುವ ವರ್ಷವೇ ಇಲ್ಲೂ ಕಟ್ಟುವ ಸವಲತ್ತನ್ನು 2021ರ ಬಜೆಟ್ ಕೊಟ್ಟಿತು. ರಾಥ್ ತೆಗೆಯುವಾಗ ಅಲ್ಲಿ ತೆರಿಗೆಯೇ ಇಲ್ಲ, ಹಾಗಂತ ಇಲ್ಲೂ ಇಲ್ಲ ಅಂತ ನಮ್ಮ ಕಾನೂನು ಎಲ್ಲೂ ಹೆಸರು ಹಿಡಿದು ಹೇಳಿಲ್ಲ. ಅಲ್ಲಿ ಹಾಕುವ ಮೊದಲೇ ಕಟ್ಟಿ, ಇಲ್ಲಿ ತೆಗೆಯುವಾಗ ಮತ್ತೆ ಕಟ್ಟುವ ಗತಿ ಬಂದರೆ ರಾಥ್‌ನ ಗಮ್ಮತ್ತೇ ಹೋಯಿತು.

ಮೊದಲು ನೀನು ಹಾಕಿದ್ದಕ್ಕೆ ಕಂಪನಿ ತನ್ನ ಪಾಲು ಸೇರಿಸಿ ಕೊಡುವ ಮ್ಯಾಚ್ ಪೂರ್ತಿ ತಗೋ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಟ್ರೆಡಿಷನಲ್‌ಗೇ ಹಾಕು ಅಂದೆ. ಎರಡೂ ದೇಶದ ತೆರಿಗೆ ಗೊತ್ತಿರುವ ಸಿಎ ಹತ್ತಿರ ವಿಮಾನ ಹತ್ತುವ ಮೊದಲೇ ಕೂತ್ಕೋ ಅಂತಲೂ ಹೇಳಿದೆ. ಬಹಳ ವರ್ಷ ಹೊರಗಿದ್ದು ಬಂದವರಿಗೆ ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷ ಆರ್‌ಎನ್‌ಒಆರ್ (ಇಲ್ಲಿ ವಾಸ ಇದ್ದರೂ ಪೂರ್ಣ ನಿವಾಸಿ ಅಲ್ಲ) ಅಂತ ಒಂದು ಸ್ಥಾನ ಸಿಗುತ್ತದೆ, ಆಗ ಅಲ್ಲಿಯ ಖಾತೆಯಿಂದ ಅಲ್ಲೇ ತೆಗೆದ ದುಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಟ್ರೆಡಿಷನಲ್, ರಾಥ್ ಏನೇ ಅದಲುಬದಲು ಮಾಡುವುದಿದ್ದರೂ ಆ ಅವಧಿಯೊಳಗೇ ಮುಗಿಸಬೇಕು.