ವೀಸಾ ಶುಲ್ಕ ಕಟ್ಟುವುದು ಕಂಪನಿ, ಹೊರೆ ಹೊರುವವರು ಯಾರು?

ವಿದೇಶಿ ಪರಿಣತರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಅಮೆರಿಕದ ಕಂಪನಿಗಳು ಬಳಸುವ ಎಚ್-1ಬಿ ವೀಸಾದ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಸೆಪ್ಟೆಂಬರ್ 19ರಂದು ಸಹಿ ಹಾಕಿದಾಗಿನಿಂದ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ಹಣ ಕಟ್ಟಬೇಕಾದದ್ದು ಕಂಪನಿ, ಇದರಲ್ಲಿ ನೌಕರನಿಗೇನು ನಷ್ಟ? ಕಾನೂನಿನ ಮಟ್ಟಿಗೆ ಈ ಮಾತಿನಲ್ಲಿ ತಪ್ಪಿಲ್ಲ. ಎಚ್-1ಬಿ ಅರ್ಜಿ ಸಲ್ಲಿಸುವುದೇ ಉದ್ಯೋಗದಾತ. ಅದರ ಖರ್ಚು ಅವನ ವ್ಯವಹಾರದ ಖರ್ಚೆಂದೇ ನಿಯಮ ಹೇಳುತ್ತದೆ. ಅದನ್ನು ಸಂಬಳದಲ್ಲಿ ಮುರಿದುಕೊಂಡು ನಿಗದಿತ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಆದರೂ ಶುಲ್ಕ ಏರಿದ ಹಾಗೆಲ್ಲ ಅದರ ಒಂದು ಪಾಲು ಯಾವ ರಸೀದಿಯಲ್ಲೂ ಕಾಣಿಸದೆ ನೌಕರನ ಕಡೆಗೆ ಸರಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಹಳೆಯ ಲೆಕ್ಕ ನೋಡೋಣ. ವರ್ಷಕ್ಕೆ ಇಂತಿಷ್ಟೇ ವೀಸಾ ಎಂಬ ಮಿತಿ ಇರುವುದರಿಂದ ಅಭ್ಯರ್ಥಿಗಳನ್ನು ಆರಿಸಲು ನಡೆಸುವ ಲಾಟರಿಗೆ ಹೆಸರು ನೋಂದಾಯಿಸುವ ಶುಲ್ಕ ಬಹಳ ವರ್ಷ 10 ಡಾಲರ್ ಇತ್ತು, 2025ರಲ್ಲಿ 215 ಆಯಿತು. ಮೂಲ ಅರ್ಜಿಯ ಶುಲ್ಕ 2024ರ ಏಪ್ರಿಲ್‌ನಲ್ಲಿ 460ರಿಂದ 780ಕ್ಕೆ ಏರಿತು. ಆಶ್ರಯ ಕೋರಿ ಬಂದವರ ಅರ್ಜಿಗಳ ವೆಚ್ಚ ಭರಿಸಲೆಂದು ಅದೇ ಸಮಯದಲ್ಲಿ 600 ಡಾಲರ್‌ನ ಹೊಸ ಶುಲ್ಕವೊಂದು ಸೇರಿಕೊಂಡಿತು. ಅಮೆರಿಕನ್ನರ ತರಬೇತಿಗೆಂದು ವಿಧಿಸುವ 1,500, ವಂಚನೆ ತಡೆಗೆಂದು ವಿಧಿಸುವ 500, ಎಲ್ಲ ಕೂಡಿದರೆ ದೊಡ್ಡ ಕಂಪನಿಯೊಂದಕ್ಕೆ ಒಬ್ಬ ನೌಕರನ ಬಾಬತ್ತು 3,595 ಡಾಲರ್ ಆಗುತ್ತಿತ್ತು. ವಕೀಲರ ಶುಲ್ಕ ಇದಕ್ಕೆ ಹೊರತು. ಹತ್ತಿಪ್ಪತ್ತು ಜನರಿರುವ ಸಣ್ಣ ಕಂಪನಿಗಳಿಗೆ ಹಲವು ಬಾಬತ್ತುಗಳಲ್ಲಿ ರಿಯಾಯಿತಿ ಇದ್ದುದರಿಂದ ಅದೇ ಮೊತ್ತ 2,225 ಡಾಲರ್‌ಗೆ ಇಳಿಯುತ್ತಿತ್ತು. ದೊಡ್ಡವರು ಹೆಚ್ಚು ಕೊಡಲಿ, ಸಣ್ಣವರು ಕಡಿಮೆ ಕೊಡಲಿ ಎಂಬ ವಿವೇಕ ಹಳೆಯ ವ್ಯವಸ್ಥೆಯಲ್ಲಿ ಅಷ್ಟಿಷ್ಟಾದರೂ ಇತ್ತು. ಹೊಸ ಶುಲ್ಕದಲ್ಲಿ ಅದು ಇಲ್ಲ. ಸಾವಿರಾರು ಎಂಜಿನಿಯರ್‌ಗಳಿರುವ ಕಂಪನಿಗೂ ಒಬ್ಬ ಗಣಿತ ಶಿಕ್ಷಕನನ್ನು ಹುಡುಕುತ್ತಿರುವ ಶಾಲೆಗೂ ಒಂದೇ ಮೊತ್ತ.

ಮೊದಲ ಬಾರಿಗೆ ಎಚ್-1ಬಿ ಸಿಗುವುದು ಹೆಚ್ಚೆಂದರೆ ಮೂರು ವರ್ಷಕ್ಕೆ. ಒಂದು ಲಕ್ಷವನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 33,300 ಡಾಲರ್. ವರ್ಷಕ್ಕೆ 2,40,000 ಡಾಲರ್ ಪಡೆಯುವ ತಂತ್ರಜ್ಞನ ವಿಷಯದಲ್ಲಿ ಇದು ಸಂಬಳದ ಶೇ 14ರಷ್ಟು. ಕಂಪನಿ ಗೊಣಗಿಕೊಂಡಾದರೂ ಕಟ್ಟೀತು. 60,000 ಡಾಲರ್ ಸಂಬಳದ ಶಿಕ್ಷಕನ ವಿಷಯದಲ್ಲಿ ಅದೇ ಮೊತ್ತ ಸಂಬಳದ ಅರ್ಧಕ್ಕಿಂತ ಹೆಚ್ಚು. ಅಲ್ಲಿ ಚೌಕಾಸಿಯ ಪ್ರಶ್ನೆಯೇ ಏಳುವುದಿಲ್ಲ, ಆ ಹುದ್ದೆಗೆ ವಿದೇಶದಿಂದ ಜನ ಬರುವುದು ನಿಂತೇ ಹೋಗುತ್ತದೆ. ವಿಶ್ವವಿದ್ಯಾಲಯಗಳಿಗೆ ಮತ್ತು ಲಾಭರಹಿತ ಸಂಶೋಧನಾ ಸಂಸ್ಥೆಗಳಿಗೆ ವಾರ್ಷಿಕ ಮಿತಿಯಿಂದ ಮೊದಲಿಂದಲೂ ವಿನಾಯಿತಿ ಇದೆ, ಆದರೆ ಈ ಶುಲ್ಕದಿಂದ ಇಲ್ಲ. ರಾಷ್ಟ್ರೀಯ ಹಿತಾಸಕ್ತಿಯ ಹೆಸರಿನಲ್ಲಿ ವಿನಾಯಿತಿ ಕೇಳಬಹುದು, ನಿಜ. ಆದರೆ ಅದನ್ನು ಅತ್ಯಂತ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಕೊಡುವುದಾಗಿ ವಲಸೆ ಇಲಾಖೆ ಮೊದಲೇ ಹೇಳಿಬಿಟ್ಟಿದೆ. ಪಟ್ಟಣಗಳಿಂದ ದೂರವಿರುವ, ವಿದೇಶಿ ವೈದ್ಯರನ್ನೇ ನೆಚ್ಚಿಕೊಂಡ ಆಸ್ಪತ್ರೆಗಳಿಗೆ ಇದರಿಂದ ಎಷ್ಟು ಧೈರ್ಯ ಬಂದೀತು?

ಈ ಶುಲ್ಕದ ವಿಚಿತ್ರ ಗುಣ ಸ್ಪಷ್ಟವಾದದ್ದು 2025ರ ಅಕ್ಟೋಬರ್ 20ರಂದು ವಲಸೆ ಇಲಾಖೆ ಹೊರಡಿಸಿದ ವಿವರಣೆಯಿಂದ. ಅಮೆರಿಕದಲ್ಲೇ ಇದ್ದುಕೊಂಡು ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೆ, ಈಗಿರುವ ವೀಸಾ ಅವಧಿ ವಿಸ್ತರಿಸಿಕೊಳ್ಳುವವರಿಗೆ ಶುಲ್ಕವಿಲ್ಲ. ದೇಶದ ಹೊರಗಿದ್ದು, ಚಾಲ್ತಿಯಲ್ಲಿರುವ ಎಚ್-1ಬಿ ವೀಸಾ ಇಲ್ಲದವರಿಗೆ ಮಾತ್ರ ಅದು ಅನ್ವಯ. ಅಂದರೆ ಒಂದೇ ತರಗತಿಯಲ್ಲಿ ಓದಿದ ಇಬ್ಬರಲ್ಲಿ, ಸಾಲ ಮಾಡಿ ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವನು ಕಂಪನಿಗೆ ಹಳೆಯ ದರದಲ್ಲೇ ಸಿಗುತ್ತಾನೆ. ಭಾರತದಲ್ಲೇ ಹತ್ತು ವರ್ಷ ಕೆಲಸ ಮಾಡಿ ಅವನಿಗಿಂತ ಹೆಚ್ಚು ಪಳಗಿದವನು ಒಂದು ಲಕ್ಷ ಡಾಲರ್ ದುಬಾರಿ. ಕೌಶಲ ನೋಡಿ ವಿಧಿಸಿದ ಶುಲ್ಕ ಇದಲ್ಲ, ಅಭ್ಯರ್ಥಿ ಎಲ್ಲಿ ನಿಂತಿದ್ದಾನೆ ಎಂಬುದನ್ನು ನೋಡಿ ವಿಧಿಸಿದ್ದು.

ಒಳಗಿರುವವರೂ ನಿಶ್ಚಿಂತರಲ್ಲ. ವಿದ್ಯಾರ್ಥಿಯೊಬ್ಬನ ವೀಸಾ ಬದಲಾವಣೆಯ ಅರ್ಜಿ ಇಲಾಖೆಯ ಮುಂದಿರುವಾಗ ತಂದೆಗೆ ಹುಷಾರಿಲ್ಲವೆಂದು ಊರಿನಿಂದ ಕರೆ ಬಂತು ಎಂದುಕೊಳ್ಳಿ. ತೀರ್ಮಾನ ಹೊರಬೀಳುವ ಮೊದಲೇ ಅವನು ವಿಮಾನ ಹತ್ತಿದರೆ ಅವನು ದೇಶದೊಳಗೇ ಬದಲಾವಣೆ ಪಡೆಯುವ ಅರ್ಹತೆ ಕಳೆದುಕೊಳ್ಳುತ್ತಾನೆ, ಅದೇ ಅರ್ಜಿಗೆ ಲಕ್ಷ ಡಾಲರ್ ಶುಲ್ಕ ಬಂದು ಕೂರುತ್ತದೆ. ಹೊರಡುವ ಮುನ್ನ ಅವನು ಮ್ಯಾನೇಜರ್‌ನನ್ನೂ ಕಂಪನಿಯ ವಕೀಲರನ್ನೂ ಕೇಳಬೇಕು. ಅವರು ಕೊಡುವ ಉತ್ತರ ಊಹಿಸುವುದು ಕಷ್ಟವಲ್ಲ. ಕಂಪನಿಯ ಲೆಕ್ಕಪತ್ರದಲ್ಲಿ ಇದು ಉಳಿದ ಹಣ. ಆ ಹುಡುಗನಿಗೆ ಇದು ಏನೆಂದು ಬರೆದಿಡಲು ಯಾವ ಲೆಕ್ಕಪತ್ರವೂ ಇಲ್ಲ.

ಘೋಷಣೆಯ ಮೊದಲ ವಾರಾಂತ್ಯದಲ್ಲೇ ಇದರ ರುಚಿ ಸಿಕ್ಕಿತ್ತು. ವಾಣಿಜ್ಯ ಸಚಿವ ಹೊವಾರ್ಡ್ ಲಟ್ನಿಕ್ ಇದು ವರ್ಷ ವರ್ಷ ಕಟ್ಟುವ ಶುಲ್ಕವೆಂಬಂತೆ ಮಾತನಾಡಿದರು; ಮರುದಿನ ಶ್ವೇತಭವನ ಅಲ್ಲ, ಒಮ್ಮೆ ಮಾತ್ರ, ಅದೂ ಹೊಸ ಅರ್ಜಿಗೆ ಮಾತ್ರ ಎಂದಿತು. ಅಷ್ಟರಲ್ಲಿ ಮೈಕ್ರೋಸಾಫ್ಟ್, ಅಮೆಜಾನ್‌ನಂಥ ಕಂಪನಿಗಳು ಹೊರಗಿದ್ದ ನೌಕರರಿಗೆ ಶುಲ್ಕ ಜಾರಿಯಾಗುವ ಗಡುವಿನೊಳಗೆ ಮರಳಿ ಬನ್ನಿ, ಒಳಗಿದ್ದವರಿಗೆ ದೇಶ ಬಿಡಬೇಡಿ ಎಂದು ಸಂದೇಶ ಕಳಿಸಿಯಾಗಿತ್ತು. ಕೊನೆಗಳಿಗೆಯಲ್ಲಿ ಕೊಂಡ ವಿಮಾನದ ಟಿಕೆಟ್ಟಿನ ಹಣವನ್ನು ಯಾರೂ ಶುಲ್ಕದ ಲೆಕ್ಕಕ್ಕೆ ಸೇರಿಸುವುದಿಲ್ಲ.

ನೌಕರನ ಕಡೆಗೆ ಹೊರೆ ಸರಿಯುವ ಇನ್ನೊಂದು ದಾರಿ ಅವನ ಚೌಕಾಸಿಯ ಶಕ್ತಿ. ಎಚ್-1ಬಿಯಲ್ಲಿದ್ದವನು ಕೆಲಸ ಕಳೆದುಕೊಂಡರೆ ಬೇರೆ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಕೆಲಸ ಸಿಗದೆ ಊರಿಗೆ ಮರಳಿದವನ ವೀಸಾ ಅವಧಿಯೂ ಮುಗಿದಿದ್ದರೆ ಅವನನ್ನು ಮತ್ತೆ ಕರೆಸಿಕೊಳ್ಳುವ ಹೊಸ ಕಂಪನಿ ಲಕ್ಷ ಡಾಲರ್ ಕಟ್ಟಬೇಕಾಗುತ್ತದೆ. ಇದು ತಿಳಿದವನು ಸಂಬಳ ಹೆಚ್ಚಿಸಿ ಎಂದು ಎಷ್ಟು ಗಟ್ಟಿಯಾಗಿ ಕೇಳಿಯಾನು? ನ್ಯಾಯವಾಗಿ ಹೇಳುವುದಾದರೆ, ಅಮೆರಿಕದೊಳಗೇ ಕೆಲಸದಲ್ಲಿರುವವನಿಗೆ ಇದರಿಂದ ತುಸು ಅನುಕೂಲವೂ ಇದೆ. ಹೊರಗಿನವರು ದುಬಾರಿಯಾದಷ್ಟೂ ಅವನಿಗೆ ಬೇಡಿಕೆ ಹೆಚ್ಚು. ಆದರೆ ಇಷ್ಟು ಹಣ ಸುರಿದು ಹೊಸಬನನ್ನು ಕರೆತಂದ ಕಂಪನಿ ಅವನು ಬೇಗ ಬಿಟ್ಟುಹೋಗದಂತೆ ಬಾಂಡ್ ಬರೆಸಿಕೊಳ್ಳಲು ನೋಡುವುದು ಸಹಜ. ಅವಧಿಗೆ ಮುನ್ನ ಬಿಟ್ಟರೆ ದಂಡ ಹಾಕುವುದನ್ನು ನಿಯಮ ನಿಷೇಧಿಸುತ್ತದೆ, ಮೊದಲೇ ಒಪ್ಪಿಕೊಂಡ ನಷ್ಟ ಪರಿಹಾರವನ್ನು ನಿಷೇಧಿಸುವುದಿಲ್ಲ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯಲು ಮತ್ತೊಬ್ಬ ವಕೀಲರೇ ಬೇಕು.

ಹೊರೆ ಯಾರದೆಂದು ಹೇಳುವ ವಿಷಯದಲ್ಲಿ ಬ್ರಿಟನ್ ಕಠೋರವಾದರೂ ಮುಚ್ಚುಮರೆಯಿಲ್ಲದ್ದು. ಅಲ್ಲಿ ದೊಡ್ಡ ಉದ್ಯೋಗದಾತ ಒಬ್ಬ ನೌಕರನಿಗೆ ವರ್ಷಕ್ಕೆ 1,320 ಪೌಂಡ್ ಕೌಶಲ ಶುಲ್ಕ ಕಟ್ಟುತ್ತಾನೆ, ಅದನ್ನು ನೌಕರನಿಂದ ವಸೂಲಿ ಮಾಡುವಂತಿಲ್ಲ. ಆರೋಗ್ಯ ಸೇವೆಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್. ಅದು ವೀಸಾ ಪಡೆಯುವವನ ಹೆಸರಿನಲ್ಲೇ ಇರುತ್ತದೆ ಮತ್ತು ಅಷ್ಟೂ ವರ್ಷಗಳದ್ದನ್ನು ಮುಂಗಡವಾಗಿ ಕಟ್ಟಬೇಕು. ಐದು ವರ್ಷಕ್ಕೆ 5,175 ಪೌಂಡ್ ಎಂಬುದು ಹೊರಡುವ ಮೊದಲೇ ಕಣ್ಣಿಗೆ ಕಾಣುತ್ತದೆ.

ಎಚ್-1ಬಿ ದುರ್ಬಳಕೆಯಾಗಿಲ್ಲ ಎಂದು ನಾನು ವಾದಿಸುವುದಿಲ್ಲ. ಕಡಿಮೆ ಸಂಬಳಕ್ಕೆ ಜನ ತಂದು ಸ್ಥಳೀಯರನ್ನು ಬಿಡಿಸಿದ ಉದಾಹರಣೆಗಳಿವೆ. ಆದರೆ ರೋಗ ಕಡಿಮೆ ಸಂಬಳವಾಗಿದ್ದರೆ ಕನಿಷ್ಠ ವೇತನದ ಮಟ್ಟವನ್ನು ಏರಿಸುವುದು ನೇರ ಮದ್ದು. ಆಗ ಹೆಚ್ಚುವರಿ ಹಣ ಕೆಲಸ ಮಾಡುವವನ ಕೈಗೆ ಬರುತ್ತದೆ, ಸರ್ಕಾರದ ಖಜಾನೆಗೆ ಹೋಗುವುದಿಲ್ಲ. ಶುಲ್ಕ ಏರಿಸಿದರೆ ಉಳಿದ ಕೆಲಸ ಅಮೆರಿಕನ್ನರಿಗೇ ಸಿಗುತ್ತದೆ ಎಂಬ ಖಾತರಿಯೂ ಇಲ್ಲ. ಎಚ್-1ಬಿಯ ವಾರ್ಷಿಕ ಮಿತಿ 1,95,000ದಿಂದ 2004ರಲ್ಲಿ 65,000ಕ್ಕೆ ಕುಸಿದ ಮೇಲೆ ಏನಾಯಿತೆಂದು ಅಮೆರಿಕದ ವಾರ್ಟನ್ ಬಿಸಿನೆಸ್ ಸ್ಕೂಲ್‌ನ ಬ್ರಿಟಾ ಗ್ಲೆನ್ನನ್ ಅಧ್ಯಯನ ಮಾಡಿದ್ದಾರೆ: ಬಹುರಾಷ್ಟ್ರೀಯ ಕಂಪನಿಗಳು ಭಾರತ, ಚೀನಾ ಮತ್ತು ಕೆನಡಾದ ತಮ್ಮ ಶಾಖೆಗಳಲ್ಲಿ ನೇಮಕಾತಿ ಹೆಚ್ಚಿಸಿದವು. ಅದು ಮಿತಿಯ ಕಥೆ, ಇದು ಶುಲ್ಕದ್ದು. ಆದರೂ ಕಂಪನಿ ಯೋಚಿಸುವ ಬಗೆ ಒಂದೇ. ಹೊರದೇಶದಲ್ಲಿ ಶಾಖೆಯೇ ಇಲ್ಲದ ಸಣ್ಣ ಕಂಪನಿಗೆ ಆ ದಾರಿಯೂ ಇಲ್ಲ.

ಶುಲ್ಕದ ವಿರುದ್ಧ ಉದ್ಯಮಗಳ ಸಂಘಟನೆಯಾದ ಅಮೆರಿಕದ ವಾಣಿಜ್ಯ ಮಂಡಳಿ ಹೂಡಿದ್ದ ಮೊಕದ್ದಮೆಯಲ್ಲಿ ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಧೀಶೆ ಬೆರಿಲ್ ಹೋವೆಲ್ 2025ರ ಡಿಸೆಂಬರ್ 23ರಂದು ಸರ್ಕಾರದ ಪರ ತೀರ್ಪು ಕೊಟ್ಟರು. ಘೋಷಣೆಗೆ ಇಟ್ಟ ಅವಧಿ 12 ತಿಂಗಳು, ಬೇಕಾದರೆ ವಿಸ್ತರಿಸಬಹುದು. ಆದರೆ ಲಾಟರಿ ನಡೆಯುವುದು ಮಾರ್ಚ್‌ನಲ್ಲಿ, ಆಯ್ಕೆಯಾದವರ ಅರ್ಜಿ ಸಲ್ಲಿಕೆ ಶುರುವಾಗುವುದು ಏಪ್ರಿಲ್‌ನಲ್ಲಿ. ಹೀಗಾಗಿ ಘೋಷಣೆ ವಿಸ್ತರಣೆಯಾಗದೆ ಹೋದರೂ ಒಂದು ವರ್ಷದ ಸರದಿಯಂತೂ ಪೂರ್ತಿಯಾಗಿ ಇದರ ನೆರಳಲ್ಲೇ ಕಳೆಯುತ್ತದೆ, ಆ ವರ್ಷ ಹೊರದೇಶದಲ್ಲಿದ್ದ ಅಭ್ಯರ್ಥಿಗೆ ಬರಬೇಕಿದ್ದ ಆಫರ್ ಲೆಟರ್ ಸಿದ್ಧವಾಗುವುದೇ ಇಲ್ಲ.