ಆಟಿ ಕಷಾಯ ಮತ್ತು ಒಂದು ಕೊಲೆ

ಕೊಲೆಗಾರ ಯಾರೆಂದು ಬಾಯಿಬಿಟ್ಟವರು ಎಲ್ಲರ ಚಹಾ ತಿಂಡಿಯ ಖರ್ಚು ಕೊಡಬೇಕು. ಪತ್ತೇದಾರಿ ಕಾದಂಬರಿಗಳ ಹುಚ್ಚು ಹತ್ತಿಸಿಕೊಂಡ ನಾವು ನಾಲ್ವರು ಉಡುಪಿಯಲ್ಲಿ ಆಗಾಗ ಸೇರುತ್ತೇವೆ. ಅಲ್ಲಿರುವ ನಿಯಮ ಇದೊಂದೇ. ಇತ್ತೀಚೆಗೆ ಏನು ಓದಿದಿರಿ ಎಂದು ಶುರುವಾಗುವ ಮಾತು ಕಥೆಯ ಮುಕ್ಕಾಲು ಭಾಗ ದಾಟುತ್ತಿದ್ದಂತೆ ತಡವರಿಸತೊಡಗುತ್ತದೆ. ಹೇಳುವವರಿಗೆ ನಾಲಿಗೆ ತುರಿಸುತ್ತಿರುತ್ತದೆ, ಕೇಳುವವರ ಕೈ ಆಗಲೇ ಕಿವಿಯ ಹತ್ತಿರ ಬಂದಿರುತ್ತದೆ.

2024ರಲ್ಲಿ ತುಳುವರ ಆಟಿ ತಿಂಗಳ ಅಮಾವಾಸ್ಯೆ ಭಾನುವಾರ ಬಂದದ್ದರಿಂದ ಅಂದು ಮಧ್ಯಾಹ್ನವೇ ಕುಂಜಿಬೆಟ್ಟಿನ ಅಕ್ಕನ ಮನೆಯಲ್ಲಿ ಸೇರಿದೆವು. ಅಕ್ಕ ಮೆಡಿಕಲ್ ಅಂಗಡಿ ನಡೆಸುವವರು. ರಾಯರು ಸರ್ವಿಸ್ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿ ದುಡಿದು ಈಗ ಮನೆಯಲ್ಲಿದ್ದಾರೆ. ಇನ್ನೊಬ್ಬ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ದಾವಣಗೆರೆಯ ಹುಡುಗ. ಬೆಳಿಗ್ಗೆ ಮಾಡಿದ ಹಾಲೆ ಮರದ ಕಷಾಯವನ್ನು ಅಕ್ಕ ಅವನಿಗಾಗಿ ಒಂದು ಲೋಟ ಎತ್ತಿಟ್ಟಿದ್ದರು. ಅವನು ಒಂದು ಗುಟುಕು ಕುಡಿದು, ಇದನ್ನು ನೀವು ಪ್ರತಿ ವರ್ಷ ಬೇಕೆಂದೇ ಕುಡಿಯುತ್ತೀರಾ ಎಂದು ಕೇಳಿದ.

ರಾಯರು ಎಂದಿನಂತೆ ಎನ್. ನರಸಿಂಹಯ್ಯನವರನ್ನು ಹಿಡಿದುಕೊಂಡು ಬಂದಿದ್ದರು. ನಾಲ್ಕನೇ ತರಗತಿಯವರೆಗೆ ಓದಿದ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದದ್ದನ್ನು ಅವರು ಪ್ರತಿ ಸಲವೂ ಹೊಸದಾಗಿ ಹೇಳುತ್ತಾರೆ, ನಾವೂ ಹೊಸದಾಗಿ ಕೇಳುತ್ತೇವೆ. ಪತ್ತೇದಾರ ಪುರುಷೋತ್ತಮನ ಕಥೆಗಳಲ್ಲಿ ಅಪರಾಧಿ ಈಗ ಅರ್ಧದಲ್ಲೇ ಗೊತ್ತಾಗಿಬಿಡುತ್ತಾನೆ ಎಂದು ನಾನು ಗೊಣಗಿದೆ. “ನಿಮಗೆ ಗೊತ್ತಾಗುವುದು ಅವರನ್ನು ಓದಿಯೇ ಬೆಳೆದದ್ದರಿಂದ ಮಾರಾಯರೇ” ಎಂದರು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಹುಡುಗ ಓದುತ್ತಿದ್ದದ್ದು ಜಪಾನಿನ ಸೈಚೊ ಮಾತ್ಸುಮೊತೊ 1958ರಲ್ಲಿ ಪ್ರಕಟಿಸಿದ ಕಾದಂಬರಿಯ ಇಂಗ್ಲಿಷ್ ಅನುವಾದ, ‘ಟೋಕಿಯೊ ಎಕ್ಸ್‌ಪ್ರೆಸ್’. ಟೋಕಿಯೊ ನಿಲ್ದಾಣದ 13ನೇ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ 15ನೆಯದು ಕಾಣುವುದು ನಡುವೆ ಯಾವ ರೈಲೂ ನಿಂತಿರದ ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷದ ಮೇಲೆ ಇಡೀ ಕಥೆ ನಿಂತಿದೆ. ಕೊಂಕಣ ರೈಲಿನ ಭರವಸೆಯಲ್ಲಿ ಇಂಥ ಕೊಲೆಗೆ ಇಳಿದವನು ಇಂದ್ರಾಳಿ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಾನೆ ಎಂದು ನಾವು ನಕ್ಕೆವು. ರಾಯರು ಮಾತ್ರ ನಗಲಿಲ್ಲ. ನಮ್ಮ ಖಾಸಗಿ ಬಸ್ಸುಗಳನ್ನು ಮರೆತಿರಾ ಎಂದು ಕೇಳಿದರು. ಎರಡು ನಿಮಿಷ ತಡವಾಗಿ ಹೊರಟ ಬಸ್ಸು ಹಿಂದಿನ ಬಸ್ಸಿನ ಪ್ರಯಾಣಿಕರನ್ನು ಬಾಚಿಕೊಳ್ಳುತ್ತದೆ, ಅದಕ್ಕಾಗಿ ಕಂಡಕ್ಟರುಗಳು ನಡುರಸ್ತೆಯಲ್ಲಿ ಜಗಳಕ್ಕೆ ನಿಲ್ಲುತ್ತಾರೆ. “ಆರೋಪಿ ಆ ಹೊತ್ತಿಗೆ ನಾನು ಮಂಗಳೂರಿನ ಬಸ್ಸಿನಲ್ಲಿದ್ದೆ ಎಂದರೆ, ಆ ಬಸ್ಸು ಪಡುಬಿದ್ರಿಗೆ ಎಷ್ಟು ಗಂಟೆಗೆ ಬಂತೆಂದು ಹಿಂದಿನ ಬಸ್ಸಿನ ಕಂಡಕ್ಟರನನ್ನು ಕೇಳಿ. ಅವನಷ್ಟು ನಿಖರವಾದ ಸಾಕ್ಷಿ ಜಪಾನಿನಲ್ಲೂ ಸಿಗುವುದಿಲ್ಲ.”

ನನ್ನ ಸರದಿಯಲ್ಲಿ ನಾನು ಜಾನ್ ಡಿಕ್ಸನ್ ಕಾರ್ 1935ರಲ್ಲಿ ಬರೆದ ‘ದಿ ಹಾಲೋ ಮ್ಯಾನ್’ ಬಗ್ಗೆ ಹೇಳಿದೆ. ಒಳಗಿನಿಂದ ಮುಚ್ಚಿದ ಕೋಣೆಯಲ್ಲಿ ಎಷ್ಟು ಬಗೆಯಲ್ಲಿ ಕೊಲೆ ಮಾಡಬಹುದೆಂದು ಪತ್ತೇದಾರನೇ ಒಂದು ಅಧ್ಯಾಯ ಪೂರ್ತಿ ಉಪನ್ಯಾಸ ಕೊಡುತ್ತಾನೆ. ಅಕ್ಕ ತಲೆಯೆತ್ತಿ ತಮ್ಮ ಮನೆಯ ಹೆಂಚಿನ ಮಾಡನ್ನು ನೋಡಿದರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚು ಸುಡಲು ಆರಂಭಿಸಿದಂದಿನಿಂದ ನಮ್ಮಲ್ಲಿ ಮುಚ್ಚಿದ ಕೋಣೆ ಎಂಬುದೇ ಇಲ್ಲ. ನಾಲ್ಕು ಹೆಂಚು ಸರಿಸಿದರೆ ಕಳ್ಳ ಒಳಗೆ. ಅದೇ ಮಿಷನ್ನಿನ ಮುದ್ರಣಾಲಯದಿಂದ 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿ ಹೊರಬಂತು. ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. ಅಷ್ಟು ಕಳ್ಳರನ್ನು ಕಂಡ ಮನುಷ್ಯ ಸಾಮಾಜಿಕ ಕಾದಂಬರಿ ಬರೆದರಲ್ಲ ಎಂಬುದು ನನಗೆ ಇನ್ನೂ ಇರುವ ಸಣ್ಣ ಕೊರಗು.

ಅಕ್ಕನ ಕೈಯಲ್ಲಿದ್ದದ್ದು ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ, 1920ರ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’. ಮೊದಲ ಮಹಾಯುದ್ಧದ ಕಾಲದಲ್ಲಿ ಕ್ರಿಸ್ಟಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವರು. ಸೀಸೆಗಳನ್ನು ಜೋಡಿಸುತ್ತಲೇ ಕೊಲೆ ಯೋಚಿಸಿದ ಆ ಹೆಂಗಸಿನ ಮೇಲೆ ಅಕ್ಕನಿಗೆ ವೃತ್ತಿಬಾಂಧವಳೆಂಬ ಅಭಿಮಾನ. ಈ ಕಾದಂಬರಿಯಲ್ಲಿ ಮನೆಯ ಯಜಮಾನತಿ ಸಾಯುವುದು ಸ್ಟ್ರಿಕ್ನೀನ್‌ನಿಂದ. ಅದು ಸಹಿಸಲಾಗದಷ್ಟು ಕಹಿ. ಹಾಗಾಗಿ ಅದನ್ನು ಕಾಫಿಯಲ್ಲಿ ಬೆರೆಸಿದರೋ ಕೋಕೋದಲ್ಲೋ ಎಂಬುದರ ಮೇಲೆ ಪುಟಗಟ್ಟಲೆ ತರ್ಕ ನಡೆಯುತ್ತದೆ.

“ಆ ವಿಷ ಎಲ್ಲಿಂದ ಬರುತ್ತದೆ ಗೊತ್ತೇ?” ಎಂದು ಅಕ್ಕ ಕಿಟಕಿಯ ಹೊರಗೆ ಕೈತೋರಿಸಿದರು. “ಕಾಸರಕನ ಬೀಜದಿಂದ. ಬೇಲಿಯಾಚೆ ನಿಂತಿದೆ ನೋಡಿ.”

ಹುಡುಗ ಲೋಟ ಕೆಳಗಿಟ್ಟ.

ಅವನಿಗೆ ಎಲ್ಲವನ್ನೂ ವಿವರಿಸಬೇಕಾಯಿತು. ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮುಂಚೆ ಹೋಗಿ ಹಾಲೆ ಮರದ ತೊಗಟೆ ತರಬೇಕು. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಅರೆದು ರಸ ಹಿಂಡಿ, ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಮೇಲಿಂದ ತಂಪಿಗೆ ಮೆಂತೆ ಗಂಜಿ. ಕತ್ತಲಲ್ಲಿ ಹಾಲೆಯೆಂದು ಕಾಸರಕನ ತೊಗಟೆ ತಂದರೆ ಜೀವಕ್ಕೇ ಸಂಚಕಾರ ಎಂದು ಆಟಿ ಬಂದಾಗಲೆಲ್ಲ ತಿಳಿದವರು ಎಚ್ಚರಿಸುತ್ತಾರೆ. ಅಕ್ಕನ ಮನೆಯಲ್ಲಿ ಹಿಂದಿನ ಸಂಜೆಯೇ ಮರಕ್ಕೊಂದು ಬಳ್ಳಿ ಕಟ್ಟಿ ಗುರುತು ಮಾಡುವ ರೂಢಿಯಿದೆ.

ಈ ಬಳ್ಳಿಯ ಮಾತು ಬಂದದ್ದೇ ತಡ, ನಾಲ್ವರಿಗೂ ಒಂದೇ ಯೋಚನೆ ಹೊಳೆಯಿತು. ಬಳ್ಳಿಯನ್ನು ರಾತ್ರಿ ಯಾರೋ ಬಿಚ್ಚಿ ಕಾಸರಕನಿಗೆ ಕಟ್ಟಿದರೆ? ತೊಗಟೆ ತಂದವನು ನಿರಪರಾಧಿ. ಕಹಿಯೆಂದು ಯಾರೂ ಸಂಶಯಪಡುವುದಿಲ್ಲ, ಕುಡಿಯುವುದೇ ಕಹಿಯನ್ನು. ಕ್ರಿಸ್ಟಿಗೆ ಅಷ್ಟು ತೊಂದರೆ ಕೊಟ್ಟ ಸಮಸ್ಯೆ ನಮ್ಮಲ್ಲಿ ಸಮಸ್ಯೆಯೇ ಅಲ್ಲ.

ಆಕ್ಷೇಪಣೆಗಳೂ ಬಂದವು. ತಡವಿಯೇ ಮರ ಹೇಳುವ ಹಿರಿಯರು ಪ್ರತಿ ಊರಿನಲ್ಲೂ ಇರುತ್ತಾರೆ ಎಂದರು ರಾಯರು. ಹಾಗಾದರೆ ತೊಗಟೆ ತರುವವನು ಮುಂಬಯಿಯಿಂದ ರಜೆಗೆ ಬಂದ ಅಳಿಯನಾಗಲಿ ಎಂದು ತಿದ್ದಿದೆವು. ಹಾಲೆಯ ತೊಗಟೆಗೆ ಏಟು ಬಿದ್ದರೆ ಬಿಳಿ ಹಾಲು ಒಸರುತ್ತದೆ, ಕಾಸರಕನಲ್ಲಿ ಒಸರುವುದಿಲ್ಲ ಎಂದರು ಅಕ್ಕ. ನಾನು ಅದನ್ನು ಬರೆದುಕೊಂಡೆ. ಅಳಿಯನ ಅಂಗಿಯ ತೋಳಿನಲ್ಲಿ ಹಾಲಿನ ಅಂಟು ಇತ್ತೇ ಇಲ್ಲವೇ ಎಂಬುದೇ ಸುಳಿವು. ಹುಡುಗ ಮಾತ್ರ ಬಿಡಲಿಲ್ಲ. “ಒಂದೇ ಪಾತ್ರೆಯಿಂದ ಮನೆಮಂದಿಯೆಲ್ಲ ಕುಡಿಯುತ್ತೀರಿ. ಒಬ್ಬರೇ ಸಾಯುವುದು ಹೇಗೆ ಅಕ್ಕಾ?”

ಸ್ವಲ್ಪ ಹೊತ್ತು ಯಾರಿಗೂ ಏನೂ ತೋಚಲಿಲ್ಲ. ರಾಯರು ಹಲಸಿನ ಹಪ್ಪಳ ಮುರಿಯುತ್ತಾ, “ಪತ್ತೇದಾರ ಕೇಳಬೇಕಾದ ಮೊದಲ ಪ್ರಶ್ನೆಯೇ ಅದಲ್ಲವೇ?” ಎಂದರು. ತೊಗಟೆ ಸರಿಯಾದದ್ದೇ. ಪಾತ್ರೆಯಲ್ಲಿದ್ದದ್ದೂ ಸರಿಯಾದ ಕಷಾಯವೇ. ವಿಷ ಒಂದೇ ಲೋಟದಲ್ಲಿತ್ತು. ಬಳ್ಳಿಯನ್ನು ಕಾಸರಕನಿಗೆ ಕಟ್ಟಿದ್ದು ಬೆಳಕು ಹರಿದ ಮೇಲೆ, ಪೊಲೀಸರು ನೋಡಿ ಕತ್ತಲಲ್ಲಿ ಮರ ತಪ್ಪಿತೆಂದು ಬರೆದುಕೊಳ್ಳಲಿ ಎಂದು. ಊರಿಗೆಲ್ಲ ಗೊತ್ತಿರುವ ಅಪಾಯದ ಹಿಂದೆ ಕೊಲೆಯನ್ನು ಬಚ್ಚಿಟ್ಟದ್ದು.

ನರಸಿಂಹಯ್ಯನವರ ಬಗ್ಗೆ ಗೊಣಗಿದ್ದನ್ನು ನಾನು ಅಲ್ಲಿಯೇ ವಾಪಸು ಪಡೆದೆ.

ಕೊಲೆಗೆ ಕಾರಣವೇನೆಂದು ಹುಡುಗ ಕೇಳಿದ್ದಕ್ಕೆ ನಾವು ಮೂವರೂ ಒಟ್ಟಿಗೇ ಬಾಯಿ ತೆರೆದೆವು: ಜಾಗ. ಸಂತೆಕಟ್ಟೆಯ ಹತ್ತಿರ, ಹೆದ್ದಾರಿಗೆ ತಾಗಿಕೊಂಡು, ಇನ್ನೂ ಪಾಲಾಗದೆ ಉಳಿದ ಹದಿನೈದು ಸೆಂಟ್ಸ್. “ಹಾಗಿದ್ದರೆ ಕ್ರಿಸ್ಟಿಯ ಪತ್ತೇದಾರ ಪ್ವಾರೊ ಬೇಡ, ಪುರುಷೋತ್ತಮನೂ ಬೇಡ” ಎಂದರು ರಾಯರು. “ತಾಲೂಕು ಕಚೇರಿಯಲ್ಲಿ ಒಂದು ಆರ್‌ಟಿಸಿ ತೆಗೆಸಿದರೆ ಸಾಕು, ಕೊಲೆಗಾರನ ಹೆಸರು ಅದರಲ್ಲೇ ಇರುತ್ತದೆ.”