65 ದಾಟಿದವರ ನಡಿಗೆ ಯೋಜನೆ: 7ನೇ ವಾರದ ದಾಖಲೆ

ಸದ್ಯದ ಸ್ಥಿತಿ: ಹೊತ್ತು 40 ನಿಮಿಷಕ್ಕೆ ಮುಟ್ಟಿದೆ. ಇನ್ನು ನಿಮಿಷ ಏರಿಸುವುದಿಲ್ಲ, ಬಿರುಸು ಮಾತ್ರ.

ವೇಳಾಪಟ್ಟಿಯನ್ನು 2011ರಲ್ಲಿ ಕರ್ಕ್ ಎರಿಕ್ಸನ್ ತಂಡ ಪ್ರಕಟಿಸಿದ, 120 ಹಿರಿಯರ ಒಂದು ವರ್ಷದ ಪ್ರಯೋಗದಿಂದ ತೆಗೆದುಕೊಂಡಿದ್ದೇವೆ. ವಾರಕ್ಕೆ 3 ದಿನ. ಮೊದಲ ವಾರ 10 ನಿಮಿಷ, ಆಮೇಲೆ ವಾರವಾರವೂ 5 ನಿಮಿಷ ಜಾಸ್ತಿ. ಅಲ್ಲಿ ನಡೆದವರ ಹಿಪೊಕ್ಯಾಂಪಸ್, ಅಂದರೆ ಹೊಸ ನೆನಪು ಕಟ್ಟುವ ಮೆದುಳಿನ ಭಾಗ, ಸುಮಾರು ಶೇ 2ರಷ್ಟು ಹಿಗ್ಗಿತ್ತು. ಹೋಲಿಕೆಗೆಂದು ಬರಿ ಸ್ಟ್ರೆಚಿಂಗ್ ಮಾಡಿದ ಗುಂಪಿನಲ್ಲಿ ಅದು ಕುಗ್ಗಿತ್ತು. ಆದರೆ 1,600ಕ್ಕೂ ಹೆಚ್ಚು ಹಿರಿಯರಿದ್ದ, 2 ವರ್ಷ ನಡೆದ ‘ಲೈಫ್’ ಪ್ರಯೋಗದಲ್ಲಿ (2015) ವ್ಯಾಯಾಮದ ಗುಂಪಿಗೂ ಹೋಲಿಕೆಯ ಗುಂಪಿಗೂ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮರೆವು ವಾಸಿಯಾಗುತ್ತದೆಂಬ ಭರವಸೆಯನ್ನು ಈ ಯೋಜನೆ ಯಾರಿಗೂ ಕೊಡುವುದಿಲ್ಲ.

ನಾಡಿಯ ಗುರಿ. ಗರಿಷ್ಠ ಬಡಿತದ ಅಂದಾಜು: 208ರಿಂದ ವಯಸ್ಸಿನ 0.7ರಷ್ಟನ್ನು ಕಳೆಯಿರಿ. 70 ವರ್ಷದವರಿಗೆ 159. ಕೂತಿದ್ದಾಗಿನ ನಾಡಿ 70 ಇದ್ದರೆ ನಡುವಿನ ಅಂತರ 89. ಇದುವರೆಗೆ ಅದರ ಶೇ 50–60ನ್ನು ಕೂತಿದ್ದಾಗಿನ ನಾಡಿಗೆ ಕೂಡಿಸಿದಷ್ಟು, ಅಂದರೆ ನಿಮಿಷಕ್ಕೆ ಸುಮಾರು 115–123. ಮುಂದಿನ ವಾರದಿಂದ ಶೇ 60–75: 123–137. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಕೆಲಸಕ್ಕೆ ಬಾರದು. ಮಾತ್ರೆಯೇ ನಾಡಿಯನ್ನು ತಗ್ಗಿಸಿಟ್ಟಿರುತ್ತದೆ, ಗುರಿ ಮುಟ್ಟಲು ಹೋದರೆ ಅತಿಯಾಗುತ್ತದೆ. ಅವರಿಗೆ ಮಾತಿನ ಪರೀಕ್ಷೆ ಸಾಕು: ಮಾತಾಡಲು ಬರಬೇಕು, ಹಾಡಲು ಬರಬಾರದು. ಎದೆ ಬಿಗಿತ, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಅಳತೆಯ ವಿಷಯವೇ ಹೆಚ್ಚು ತಲೆ ತಿನ್ನುವಂಥದ್ದು. ಒಂದೇ ನೆನಪಿನ ಪರೀಕ್ಷೆಯನ್ನು ಮತ್ತೆ ಮತ್ತೆ ಕೊಟ್ಟರೆ ಅಂಕ ತಾನಾಗಿಯೇ ಏರುತ್ತದೆ. ಅದು ಅಭ್ಯಾಸದ ಫಲ, ನಡಿಗೆಯದಲ್ಲ. ಬದಲಿಗೆ ಜೋಡಿ ಕೆಲಸದ ನಡಿಗೆ ಇಟ್ಟುಕೊಂಡಿದ್ದೇವೆ. ನೆಲದಲ್ಲಿ 10 ಮೀಟರ್ ಗುರುತು, ಎರಡೂ ತುದಿಗೆ 2 ಮೀಟರ್ ಹೆಚ್ಚುವರಿ ಜಾಗ. ಇಲ್ಲದಿದ್ದರೆ ಹೊರಡುವ, ನಿಲ್ಲುವ ನಿಧಾನವೂ ಲೆಕ್ಕಕ್ಕೆ ಸೇರುತ್ತದೆ. ಮೊದಲು ಸುಮ್ಮನೆ ನಡಿಗೆ, ಆಮೇಲೆ 100ರಿಂದ ಮೂರು ಮೂರು ಕಳೆಯುತ್ತ ನಡಿಗೆ. ಬರಿ ನಡಿಗೆಗೆ 10 ಸೆಕೆಂಡ್, ಎಣಿಸುತ್ತ 12.5 ಆದರೆ ವೇಗ ಸೆಕೆಂಡಿಗೆ 1 ಮೀಟರಿನಿಂದ 0.8ಕ್ಕೆ ಇಳಿದಿದೆ: ನಷ್ಟ ಶೇ 20.

ಎಡವುವುದು ಇಲ್ಲಿ. ಕೆಲವರು ವೇಗ ಬಿಡುವುದಿಲ್ಲ, ಎಣಿಕೆಯನ್ನೇ ಬಿಟ್ಟುಬಿಡುತ್ತಾರೆ. ನಷ್ಟ ಸೊನ್ನೆಯೆಂದು ದಾಖಲಾಗುತ್ತದೆ! ಆದ್ದರಿಂದ ಸರಿ ಉತ್ತರಗಳನ್ನೂ ಬರೆದುಕೊಳ್ಳಿ, ಕೂತು ಎಣಿಸಿದ್ದರೊಂದಿಗೆ ಹೋಲಿಸಿ. 97, 94, 91 ಬೇಗ ಬಾಯಿಪಾಠವಾಗುತ್ತದೆ, ಪ್ರತಿ ಸಲ ಬೇರೆ ಸಂಖ್ಯೆಯಿಂದ ಶುರು ಮಾಡಿಸಿ. ಬೀಳುವ ಭಯ ಇರುವವರ ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ, ಒಬ್ಬರು ಇರಲೇಬೇಕು.

ಕುರ್ಚಿಯಿಂದ ಕೈ ಊರದೆ ಏಳುವುದು, ಒಂಟಿ ಕಾಲಲ್ಲಿ ನಿಲ್ಲುವುದು ವಾರಕ್ಕೆ 3 ದಿನ ಮುಂದುವರಿದಿವೆ. ಕುರ್ಚಿಯನ್ನು ಗೋಡೆಗೆ ಒತ್ತಿಡಿ, ಜಾರುತ್ತದೆ.

ಮುಂದಿನ ಅಳತೆ 12ನೇ ವಾರ: ಅದೇ ಶೂ, ಅದೇ ನೆಲ, ದಿನದ ಅದೇ ಹೊತ್ತು.